ಬಿಸಿಲೇರಿದಷ್ಟೂ ಇಳಿದ ಬ್ಯಾಟರಿ

ಮಧುಗಿರಿ ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಇಡ್ಲಿ ತಿನ್ನುತ್ತಿದ್ದೆ. ಪಾವಗಡ ಕಡೆಯ ಬಸ್ಸಿನ ಕಂಡಕ್ಟರು ಒಳಗೆ ತಲೆ ಹಾಕಿ, "ಸೋಲಾರು, ನಿಮ್ ಪೆಟ್ಟಿಗೆ ಕೆಂಪು ದೀಪ ಹಾಕೈತಂತೆ. ನರ್ಸಮ್ಮ ಬರಾಕ್ ಹೇಳವ್ರೆ," ಎಂದ. ತಟ್ಟೆ ಸರಿಸಿ ಎದ್ದೆ. ಎಂಬತ್ತರ ದಶಕದ ಕೊನೆಯ ಆ ದಿನಗಳಲ್ಲಿ ನನ್ನ ನಿಜವಾದ ಹೆಸರು ಆ ಸೀಮೆಯಲ್ಲಿ ಯಾರಿಗೂ ಬೇಕಿರಲಿಲ್ಲ. ಸಿರಾದಿಂದ ಪಾವಗಡದವರೆಗೆ ಸೋಲಾರ್ ಘಟಕಗಳ ರಿಪೇರಿಗೆ ತಿರುಗುವ ನಾನು ಎಲ್ಲರಿಗೂ ಸೋಲಾರು.

ಪೆಟ್ಟಿಗೆ ಅಂದರೆ ಫ್ರಿಜ್ಜು. ಆಂಧ್ರದ ಗಡಿಗೆ ಅಂಟಿಕೊಂಡ ಒಂದು ಊರಿನ ಆರೋಗ್ಯ ಉಪಕೇಂದ್ರದಲ್ಲಿ, ಕರೆಂಟು ಬಂದರೆ ಬಂತು ಇಲ್ಲದಿದ್ದರೆ ಇಲ್ಲ ಎನ್ನುವ ಕಡೆ, ಮಕ್ಕಳ ಲಸಿಕೆ ಇಡಲೆಂದು ನಮ್ಮ ಕಂಪನಿ ಅದನ್ನು ಕೂರಿಸಿತ್ತು. ತಾರಸಿಯ ಮೇಲೆ ನಾಲ್ಕು ಸೋಲಾರ್ ಫಲಕ. ಕೆಳಗಿನ ಸಣ್ಣ ಕೋಣೆಯಲ್ಲಿ ಆರು ಸೆಲ್ಲಿನ ಬ್ಯಾಟರಿ. ಎರಡರ ನಡುವೆ ಗೋಡೆಗೆ ಒಂದು ರೆಗ್ಯುಲೇಟರ್ ಡಬ್ಬ. ಫಲಕಗಳು ಬಿಸಿಲಿನಿಂದ ಕರೆಂಟು ಮಾಡುತ್ತವೆ, ಬ್ಯಾಟರಿ ಅದನ್ನು ತುಂಬಿಕೊಳ್ಳುತ್ತದೆ, ತುಂಬಿದ ಮೇಲೆ ಡಬ್ಬ ಸಾಕು ಎನ್ನುತ್ತದೆ. ಬ್ಯಾಟರಿ ತೀರಾ ಇಳಿದರೆ ಅದೇ ಡಬ್ಬ ಫ್ರಿಜ್ಜನ್ನು ನಿಲ್ಲಿಸಿ ಕೆಂಪು ದೀಪ ಹಾಕುತ್ತದೆ. ದೀಪ ಹತ್ತಿತು ಅಂದರೆ ಒಳಗಿನ ಲಸಿಕೆ ಬಿಸಿಯಾಗತೊಡಗಿದೆ ಎಂದು ಅರ್ಥ.

ಬಿಸಿ ತಗುಲಿದ ಲಸಿಕೆ ನೋಡಲು ಮೊದಲಿನಂತೆಯೇ ಇರುತ್ತದೆ. ಬಣ್ಣ ಕೆಡುವುದಿಲ್ಲ, ವಾಸನೆ ಬರುವುದಿಲ್ಲ. ನನಗಿದ್ದ ಭಯ ಅದೇ. ಹಾಲು ಒಡೆದರೆ ಒಲೆಯ ಮೇಲೇ ಗೊತ್ತಾಗುತ್ತದೆ. ಇದು ಕೆಟ್ಟರೆ ಮಗುವಿಗೆ ಕಾಯಿಲೆ ಬಂದ ಮೇಲೆ ಗೊತ್ತಾಗುವುದು.

ನಾನು ಮೊದಲೇ ಪುಕ್ಕಲ. ತರಬೇತಿಯ ಕಾಲದಲ್ಲಿ ವರ್ಕ್‌ಶಾಪಿನಲ್ಲಿ ಚಾರ್ಜಿಗೆ ಹಾಕಿದ್ದ ಬ್ಯಾಟರಿಯೊಂದು ಯಾರದೋ ಸ್ಪ್ಯಾನರ್ ತಗುಲಿ ಕಿಡಿ ಹಾರಿ ಸಿಡಿದದ್ದನ್ನು ನೋಡಿದ್ದೆ. ಪಕ್ಕದಲ್ಲಿದ್ದವನ ಕುತ್ತಿಗೆಗೆ ಆಸಿಡ್ ಬಿದ್ದಿತ್ತು. ಅಂದಿನಿಂದ ಬ್ಯಾಟರಿ ಕೋಣೆಗೆ ಹೋಗುವ ಮೊದಲು ಕಿಟಕಿ ತೆಗೆಯುವುದು, ಉಂಗುರ ಬಿಚ್ಚಿ ಜೇಬಿಗೆ ಹಾಕುವುದು, ಬೀಡಿ ಸೇದುವವರನ್ನು ಅಂಗಳದಿಂದಲೇ ಓಡಿಸುವುದು ನನ್ನ ಅಭ್ಯಾಸ. ಜೊತೆಯವರು ನಗುತ್ತಿದ್ದರು. ನಗಲಿ, ನನ್ನ ಮುಖ ನನಗೆ ಬೇಕು ಎನ್ನುತ್ತಿದ್ದೆ.

ಆಗಷ್ಟೇ ಶಿವರಾತ್ರಿ ಕಳೆದಿತ್ತು. ಪಾವಗಡದಲ್ಲಿ ಬಸ್ಸು ಬದಲಿಸಿ ಆ ಊರು ಮುಟ್ಟುವಾಗ ಸೂರ್ಯ ನೆತ್ತಿಗೆ ಬಂದಿದ್ದ. ಬಸ್ಸಿಳಿದ ಮೇಲೆ ಬಯಲಿನಲ್ಲಿ ದೂರ ನಡೆಯಬೇಕು. ಮರವಿಲ್ಲ, ಮರೆಯಿಲ್ಲ. ಬರುವವನು ಉಪಕೇಂದ್ರದವರಿಗೆ ಬಹಳ ಮೊದಲೇ ಕಾಣುತ್ತಾನೆ. ನಾನು ಅಂಗಳಕ್ಕೆ ಬರುವ ಹೊತ್ತಿಗೆ ಅಲ್ಲಿನ ಆಯಮ್ಮ ತಾರಸಿಯ ಮೆಟ್ಟಿಲಿಳಿದು ಬರುತ್ತಿದ್ದಳು. ಕುರಿ ಕಾಯುವ ಹಟ್ಟಿಯ ಹೆಂಗಸು, ವಯಸ್ಸು ಅರವತ್ತರ ಹತ್ತಿರ. ಹೆಗಲ ಮೇಲೆ ಕಂಬಳಿ. ಅಲ್ಲಿಯ ಜನ ಬೇಸಿಗೆಯಲ್ಲೂ ಕಂಬಳಿ ಬಿಡುವುದಿಲ್ಲ, ಹಾಗಾಗಿ ಅದರ ಕಡೆ ನನ್ನ ಗಮನ ಹೋಗಲಿಲ್ಲ.

"ಬನ್ನಿ ಸಾಮಿ. ನಿಮ್ ಕನ್ನಡಿ ಎಲ್ಲಾ ಒರೆಸಿ ಮಡಗಿವ್ನಿ," ಎಂದಳು. ಫಲಕಗಳನ್ನು ಆಕೆ ಕನ್ನಡಿ ಎನ್ನುತ್ತಿದ್ದಳು.

ಹೇಳಿದಂತೆಯೇ ಫಲಕಗಳು ಮುಖ ಕಾಣುವಷ್ಟು ಚೊಕ್ಕಟವಾಗಿದ್ದವು. ಮೀಟರು ಹಿಡಿದರೆ ವೋಲ್ಟೇಜು ಸರಿ, ಕರೆಂಟೂ ಸರಿ. ಕೆಳಗಿಳಿದು ಬ್ಯಾಟರಿಗೆ ಹೈಡ್ರೋಮೀಟರ್ ಹಾಕಿದೆ. ಆಸಿಡ್ಡಿನ ಸಾಂದ್ರತೆ ಅಳೆಯುವ ಗಾಜಿನ ನಳಿಗೆ ಅದು, ಬ್ಯಾಟರಿ ಎಷ್ಟು ತುಂಬಿದೆ ಎಂದು ಅದರಿಂದ ತಿಳಿಯುತ್ತದೆ. ಸಾವಿರದ ಇನ್ನೂರೈವತ್ತರ ಹತ್ತಿರ ಇರಬೇಕಾದದ್ದು ಸಾವಿರದ ನೂರೈವತ್ತಕ್ಕೆ ಇಳಿದಿತ್ತು. ಒಂದು ಸೆಲ್ಲಿನಲ್ಲಿ ಹಾಗಾಗಿದ್ದರೆ ಆ ಸೆಲ್ಲು ಕೆಟ್ಟಿದೆ ಎನ್ನಬಹುದಿತ್ತು. ಆರಕ್ಕೆ ಆರೂ ಹಾಗೇ ಇದ್ದವು. ಬ್ಯಾಟರಿ ಕೆಟ್ಟಿರಲಿಲ್ಲ, ಹಸಿದಿತ್ತು.

ಅಲ್ಲಿನ ಸಿಸ್ಟರ್ ಮೂವತ್ತರೊಳಗಿನ ಹೆಣ್ಣುಮಗಳು, ಕೊರಟಗೆರೆ ಕಡೆಯವರು. ಫ್ರಿಜ್ಜಿಗೆ ತಾವೇ ಬೀಗ ಹಾಕಿ ಕೀಲಿಯನ್ನು ಕೊರಳಿಗೆ ಕಟ್ಟಿಕೊಂಡಿದ್ದರು.

"ಬೆಳಿಗ್ಗೆ ದಿನಾ ನೋಡ್ತೀನಿ ಸಾರ್, ತಣ್ಣಗಿರುತ್ತೆ. ಮೊನ್ನೆ ಹಳ್ಳಿ ಸುತ್ತೋದು ಬೇಗ ಮುಗೀತು. ಸಾಯಂಕಾಲಕ್ಕೇ ಬಂದು ನೋಡ್ತೀನಿ, ಕೆಂಪು ದೀಪ. ಥರ್ಮಾಮೀಟ್ರು ಹದಿನಾಲ್ಕಕ್ಕೆ ಹೋಗಿದೆ. ಎಂಟು ದಾಟಬಾರದು ಅಂತ ನೀವೇ ಹೇಳಿದ್ರಿ."

"ಇದಕ್ಕೆ ಮೊದಲು ಮಧ್ಯಾಹ್ನ ಯಾವತ್ತಾದರೂ ನೋಡಿದ್ರಾ?"

"ಮಧ್ಯಾಹ್ನ ನಾನು ಇಲ್ಲಿ ಎಲ್ಲಿರ್ತೀನಿ? ಹಟ್ಟಿ ಹಟ್ಟಿ ತಿರುಗ್ತಿರ್ತೀನಿ."

ಅಂದರೆ ಇದು ಎಷ್ಟು ದಿನದಿಂದ ನಡೆಯುತ್ತಿದೆ ಎಂದು ಯಾರಿಗೂ ಗೊತ್ತಿಲ್ಲ. ಅವರು ಆ ಸೀಸೆಗಳನ್ನೆಲ್ಲ ಎಸೆಯಲು ಬೇರೆ ಇಟ್ಟರು. ನಾನು ಟರ್ಮಿನಲ್ಲುಗಳ ಮೇಲೆ ಕಟ್ಟಿದ್ದ ಬಿಳಿ ಪುಡಿಯನ್ನು ಸೋಡಾ ನೀರಿನಲ್ಲಿ ತೊಳೆದು, ವ್ಯಾಸಲೀನ್ ಸವರಿ, ಡಿಸ್ಟಿಲ್ಡ್ ವಾಟರ್ ತುಂಬಿ, ನಟ್ಟುಗಳನ್ನು ಬಿಗಿ ಮಾಡಿದೆ. ಸಡಿಲ ಸಂಪರ್ಕ ಇರಬೇಕು ಅಂದೆ. ಹಾಗೆ ಹೇಳುವಾಗ ನನ್ನ ಮಾತಿನಲ್ಲಿ ನನಗೇ ನಂಬಿಕೆ ಇರಲಿಲ್ಲ.

ಹತ್ತು ಹನ್ನೆರಡು ದಿನಕ್ಕೆ ಅದೇ ಕಂಡಕ್ಟರು ಅದೇ ಸುದ್ದಿ ತಂದ. ಜೊತೆಗೆ ಇನ್ನೊಂದು ಮಾತನ್ನೂ ತಂದ. ಗಡಿಯಾಚೆಯ ಹಳ್ಳಿಗಳಲ್ಲಿ ದಡಾರ ಎದ್ದಿದೆಯಂತೆ, ಮಕ್ಕಳು ಹೋಗುತ್ತಿದ್ದಾವಂತೆ.

ನನಗೆ ಅರ್ಥವಾಗದ್ದು ಇದು. ಚಳಿಗಾಲದಲ್ಲಿ, ಬಿಸಿಲು ಕಡಿಮೆ ಇದ್ದಾಗ, ಬ್ಯಾಟರಿ ತುಂಬಿ ತುಳುಕುತ್ತಿತ್ತು. ಈಗ ಕಲ್ಲು ಸೀಳುವಂಥ ಬಿಸಿಲು, ಬ್ಯಾಟರಿ ಇಳಿಯುತ್ತಿದೆ. ಬಿಸಿಯಾದರೆ ಫಲಕದ ವೋಲ್ಟೇಜು ಸ್ವಲ್ಪ ಕಡಿಮೆಯಾಗುವುದುಂಟು, ಫ್ರಿಜ್ಜೂ ಹೆಚ್ಚು ಹೊತ್ತು ಓಡುತ್ತದೆ. ಅಷ್ಟರಿಂದ ಈ ಪಾಡು ಬರುವಂತಿರಲಿಲ್ಲ. ಕಾಗದದ ಮೇಲೆ ಲೆಕ್ಕ ಹಾಕಿದಾಗಲೆಲ್ಲ ಬ್ಯಾಟರಿ ತುಂಬಬೇಕಿತ್ತು. ಅಲ್ಲಿ ಹೋಗಿ ನೋಡಿದರೆ ಖಾಲಿ.

ಅನುಮಾನ ರೆಗ್ಯುಲೇಟರಿನ ಮೇಲೆ ಹೋಯಿತು. ಬ್ಯಾಟರಿ ತುಂಬುವ ಮೊದಲೇ ಅದು ಸಾಕು ಅನ್ನುತ್ತಿರಬಹುದು. ಬೇರೆ ಡಬ್ಬ ಕಳಿಸಲು ಕಂಪನಿಗೆ ಟ್ರಂಕ್ ಕಾಲ್ ಮಾಡಿದರೆ ತಿಂಗಳಾಗುತ್ತದೆ ಎಂದರು. ದೊಡ್ಡೇರಿ ಕಡೆಯ ಒಂದು ಹಳ್ಳಿಯಲ್ಲಿ ನಮ್ಮದೇ ಇನ್ನೊಂದು ಘಟಕ ಇತ್ತು, ಸಮುದಾಯದ ಟಿವಿಗೆ ಹಾಕಿದ್ದು. ಅದರ ಡಬ್ಬ ಒಳ್ಳೆಯದು ಎಂದು ನನಗೆ ಗೊತ್ತಿತ್ತು. ಅದನ್ನೇ ಬಿಚ್ಚಿಕೊಂಡೆ. ಭಾನುವಾರದ ಸಿನಿಮಾ ಹೋಯಿತೆಂದು ಊರಿನವರು ನನ್ನ ಹಿಂದೆ ಬಸ್ಸಿನವರೆಗೂ ಬಂದು ಬೈದರು. "ಟಿವಿ ನೋಡ್ದೆ ಇದ್ರೆ ಯಾರೂ ಸಾಯಲ್ಲ" ಎಂದು ಹೇಳಬೇಕೆನಿಸಿತು, ಧೈರ್ಯ ಬರಲಿಲ್ಲ.

ಡಬ್ಬವನ್ನು ಮಡಿಲಲ್ಲಿ ಇಟ್ಟುಕೊಂಡು ಆ ಊರಿಗೆ ಹೋದೆ. ಮತ್ತೆ ಅದೇ ಮಟಮಟ ಮಧ್ಯಾಹ್ನ. ಆಯಮ್ಮ ಮೆಟ್ಟಿಲಿಳಿದು ಬಂದಳು. ಫಲಕಗಳು ಫಳಫಳ. ಕರೆಂಟು ಅಳೆದರೆ ಅಚ್ಚುಕಟ್ಟಾಗಿ ಬರುತ್ತಿದೆ. ಡಬ್ಬ ಬದಲಿಸಿದೆ. ರಾತ್ರಿ ಬ್ಯಾಟರಿಯಿಂದ ಫಲಕಕ್ಕೆ ಕರೆಂಟು ಹಿಂದಕ್ಕೆ ಹರಿಯದಂತೆ ತಡೆಯುವ ಡಯೋಡನ್ನೂ ಮೀಟರಿನಲ್ಲಿ ನೋಡಿದೆ, ಅದೂ ಸರಿ. ತಂತಿಯನ್ನು ತಾರಸಿಯಿಂದ ಕೋಣೆಯವರೆಗೆ ಗೇಣು ಗೇಣು ಮುಟ್ಟಿ ನೋಡಿದೆ. ಇಲಿ ಕಡಿದಿರಲಿಲ್ಲ. ಯಾರಾದರೂ ರೇಡಿಯೋಗೋ ದೀಪಕ್ಕೋ ಕರೆಂಟು ಕದಿಯುತ್ತಿದ್ದಾರೆಯೇ ಎಂದು ಗೋಡೆಯ ಹಿಂದೆಯೂ ಇಣುಕಿದೆ. ಏನೂ ಇಲ್ಲ.

ಅಂದು ಆಯಮ್ಮನ ಮಗಳು ಬಂದಿದ್ದಳು, ವರ್ಷ ತುಂಬಿದ ಹೆಣ್ಣುಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡು. ಮಗುವನ್ನು ಎಲ್ಲರೂ ಬುಜ್ಜಿ ಎನ್ನುತ್ತಿದ್ದರು. ನನ್ನ ಹೈಡ್ರೋಮೀಟರಿನ ರಬ್ಬರ್ ಬುರುಡೆಗೆ ಕೈ ಚಾಚಿತು. ಆಸಿಡ್ ಎಂದು ನಾನು ಹೌಹಾರಿ ಹಿಂದೆ ಸರಿದೆ. ಆಯಮ್ಮ ನಕ್ಕಳು.

"ನಮ್ ಬುಜ್ಜಿಗೆ ಏನೂ ಆಗಕಿಲ್ಲ ಸಾಮಿ. ಹೋದ್ ತಿಂಗ್ಳು ಇಲ್ಲೇ ದಡಾರದ ಸೂಜಿ ಹಾಕ್ಸಿವ್ನಿ. ಹಟ್ಟಿಯೋರೆಲ್ಲ ಬ್ಯಾಡ ಅಂದ್ರು, ದಡಾರದ ಅಮ್ಮ ಮುನಿಸ್ಕತಾಳೆ ಅಂದ್ರು. ನಾನೇ ಎತ್ಕಂಬಂದು ಹಾಕಿಸ್ದೆ. ನಾಳೀಕೆ ಮಗ್ಳೋರು ಇವಳ್ನೂ ಎತ್ಕಂಡು, ಕುರಿ ಹೊಡ್ಕಂಡು ಆಚೆ ಸೀಮೆಗೆ ಹೊಂಟವ್ರೆ. ಸೂಜಿ ಆಗೈತಲ್ಲ, ನಂಗೆ ದಿಗಿಲಿಲ್ಲ."

ಸಿಸ್ಟರ್ ಒಳಗಿನಿಂದ ನನ್ನನ್ನು ನೋಡಿದರು. ಹೋದ ತಿಂಗಳ ಸೂಜಿ ಈ ಫ್ರಿಜ್ಜಿನದೇ. ಕೆಂಪು ದೀಪವನ್ನು ಮೊದಲು ಕಂಡದ್ದು ಆಮೇಲೆ. ಆದರೆ ಅದು ಮೊದಲು ಹತ್ತಿದ್ದು ಯಾವಾಗ? ನಮ್ಮಿಬ್ಬರಿಗೂ ಗೊತ್ತಿರಲಿಲ್ಲ. ಗೊತ್ತಿಲ್ಲದ ಮೇಲೆ ಹೇಳುವುದು ಏನನ್ನು? ನಾನು ಹೈಡ್ರೋಮೀಟರನ್ನು ಚೀಲಕ್ಕೆ ಹಾಕಿದೆ. ಮಗು ನನ್ನತ್ತ ಕೈ ಬೀಸುತ್ತಾ ಹೋಯಿತು.

ಡಬ್ಬ ಬದಲಿಸಿದ್ದರಿಂದ ಏನೂ ಆಗಲಿಲ್ಲ. ಕೆಂಪು ದೀಪ ಮತ್ತೆ ಬಂತು. ಅಷ್ಟರಲ್ಲಿ ಆರೋಗ್ಯ ಇಲಾಖೆಯಿಂದ ಸುದ್ದಿ ಬಂದಿತ್ತು. ಗಡಿಯ ಹಳ್ಳಿಗಳಿಗೆಲ್ಲ ದಡಾರದ ಲಸಿಕೆ ಹಾಕಬೇಕು, ಸೀಸೆಗಳನ್ನು ಇದೇ ಫ್ರಿಜ್ಜಿನಲ್ಲಿ ಇಡಬೇಕು. ಸಿಸ್ಟರ್ ಪಾವಗಡದಿಂದ ಫೋನು ಮಾಡಿಸಿದರು.

"ಸಾರ್, ಇದನ್ನ ನಂಬಿ ಇಡಲಾ ಬೇಡವಾ ಒಂದು ಮಾತು ಹೇಳಿ. ಕೆಟ್ಟದ್ದನ್ನ ನಾನು ಮಕ್ಕಳಿಗೆ ಚುಚ್ಚಲ್ಲ. ಚುಚ್ಚದೆ ಬಿಟ್ಟರೆ ದಡಾರ ಬಿಡಲ್ಲ."

ಅಂದು ನಿದ್ದೆ ಹತ್ತಲಿಲ್ಲ. ಎಲ್ಲ ಭಾಗವನ್ನೂ ನೋಡಿದ್ದೇನೆ, ಎಲ್ಲವೂ ಸರಿ ಇದೆ, ಆದರೂ ಒಟ್ಟು ತಪ್ಪಾಗಿದೆ. ನಾನು ನೋಡದೆ ಬಿಟ್ಟದ್ದು ಯಾವುದು ಎಂದು ಯೋಚಿಸುತ್ತಿದ್ದಾಗ ಒಂದು ಮಾತು ಹೊಳೆಯಿತು. ನಾನು ಆ ಘಟಕವನ್ನು ಎಂದೂ ದಿನವಿಡೀ ನೋಡಿರಲಿಲ್ಲ. ಮಧ್ಯಾಹ್ನದ ಬಸ್ಸಿಗೆ ಹೋಗಿ ನೇರ ತಾರಸಿ ಹತ್ತುವುದು, ಅಳೆಯುವುದು, ಸಂಜೆಯ ಬಸ್ಸಿಗೆ ಓಡುವುದು. ಅದು ಬೆಳಗಿನಿಂದ ಸಂಜೆಯವರೆಗೆ ಏನು ಮಾಡುತ್ತದೆ ಎಂದು ಕೂತು ನೋಡಬೇಕು. ತಾರಸಿಯ ಮೇಲಲ್ಲ, ಬ್ಯಾಟರಿಯ ಪಕ್ಕದಲ್ಲಿ. ಈ ತೀರ್ಮಾನ ನನಗೆ ಹಿಡಿಸಲಿಲ್ಲ. ಬ್ಯಾಟರಿ ಕೋಣೆಯಲ್ಲಿ ದಿನವಿಡೀ ಕೂರುವುದೆಂದರೆ ನನ್ನಂಥವನಿಗೆ ಹಾವಿನ ಬುಟ್ಟಿಯ ಪಕ್ಕ ಕೂತಂತೆ.

ಪಾವಗಡದ ಲಾಡ್ಜಿನಲ್ಲಿ ಉಳಿದು, ನಸುಕಿನಲ್ಲೇ ತರಕಾರಿ ಲಾರಿ ಹತ್ತಿ ಹೋದೆ. ಸಿಸ್ಟರ್ ಹಳ್ಳಿ ಸುತ್ತಲು ಹೊರಟಿದ್ದರು. ಆಯಮ್ಮ ಅಂಗಳ ಗುಡಿಸುತ್ತಿದ್ದಳು. "ಇವತ್ತು ಕನ್ನಡಿ ನೋಡೋ ಕೆಲಸ ಇಲ್ಲ ಆಯಮ್ಮ, ಒಳಗೇ ಕೆಲಸ," ಎಂದು ಹೇಳಿ ಕೋಣೆಗೆ ಹೋದೆ. ಕಿಟಕಿ ತೆಗೆದೆ, ಉಂಗುರ ಬಿಚ್ಚಿದೆ. ರೆಗ್ಯುಲೇಟರಿನ ಮೇಲೆ ಉಳಿದಿದ್ದ ಅನುಮಾನ ತೀರಲಿ ಎಂದು ಅದನ್ನು ಬಿಟ್ಟು ಫಲಕದ ತಂತಿಯನ್ನು ಡಯೋಡಿನ ಮೂಲಕ ನೇರ ಬ್ಯಾಟರಿಗೆ ಕೊಟ್ಟು, ನಡುವೆ ಕರೆಂಟು ಅಳೆಯುವ ಅಮ್ಮೀಟರ್ ಸೇರಿಸಿದೆ. ಈಗ ಸಾಕು ಎನ್ನಲು ಯಾರೂ ಇಲ್ಲ. ಹಸಿದ ಬ್ಯಾಟರಿ ಒಂದೇ ದಿನದಲ್ಲಿ ತುಂಬಿ ಸಿಡಿಯುವಂಥ ಗ್ಯಾಸು ಬಿಡುವುದಿಲ್ಲ ಎಂದು ಗೊತ್ತಿದ್ದರೂ ಬೆನ್ನು ಬಾಗಿಲ ಕಡೆಗೇ ಇಟ್ಟುಕೊಂಡು ಕೂತೆ, ಓಡಲು ಸುಲಭವಾಗಲಿ ಎಂದು.

ಬಿಸಿಲು ಏರಿದಂತೆ ಮುಳ್ಳು ಏರಿತು. ನಿಧಾನವಾಗಿ, ಒಂದೇ ಸಮನೆ. ಸೆಲ್ಲುಗಳೊಳಗೆ ಕಿವಿಗೊಟ್ಟರಷ್ಟೇ ಕೇಳುವ ಸದ್ದು. ಎಲ್ಲ ಚೆನ್ನಾಗಿದೆ ಎಂದುಕೊಂಡಷ್ಟೂ ಭಯ ಹೆಚ್ಚಾಯಿತು. ಹೀಗೇ ಸಂಜೆಯಾದರೆ ನನ್ನ ಬಳಿ ಇನ್ನು ಉಪಾಯ ಉಳಿದಿರಲಿಲ್ಲ.

ಹೊತ್ತು ನೆತ್ತಿಗೆ ಬರುವ ಸುಮಾರಿಗೆ ಮುಳ್ಳು ಅರ್ಧಕ್ಕೆ ಇಳಿಯಿತು. ಮೀಟರಿಗೆ ತಟ್ಟಿದೆ. ನೋಡುತ್ತಿದ್ದಂತೆಯೇ ಅದು ಸೊನ್ನೆಗೆ ಬಿತ್ತು. ಎಲ್ಲೋ ತಂತಿ ಕಡಿದಿದೆ, ಕಡಿದ ಕಡೆ ಕಿಡಿ ಹಾರುತ್ತಿದೆ ಎಂದೇ ತಿಳಿದೆ. ಮುಖಕ್ಕೆ ತೋಳು ಅಡ್ಡ ಹಿಡಿದು ಹೊರಗೆ ಹಾರಿದೆ. ಆಕಾಶದಲ್ಲಿ ಹತ್ತಿಯ ಎಳೆಯಷ್ಟೂ ಮೋಡವಿಲ್ಲ. ಮೆಟ್ಟಿಲು ಹತ್ತಿ ತಾರಸಿಗೆ ಹೋದರೆ ಆಯಮ್ಮ ಬಗ್ಗಿ ನಿಂತಿದ್ದಳು. ನಾಲ್ಕೂ ಫಲಕಗಳ ಮೇಲೆ ಎರಡು ಕರಿ ಕಂಬಳಿ ಹಾಸಿದ್ದವು. ಗಾಳಿಗೆ ಹಾರದಂತೆ ಆಕೆ ಅಂಚಿಗೆ ಕಲ್ಲು ಇಡುತ್ತಿದ್ದಳು.

"ಆಯಮ್ಮ, ಇದೇನು ಮಾಡ್ತಿದ್ದೀಯ?" ಎಂದೆ.

"ಹೊತ್ತು ನೆತ್ತಿಗ್ ಬಂತಲ್ಲ ಸಾಮಿ. ಬುಟ್ಟುಬುಟ್ಟೆ." ಬಿಟ್ಟೆ ಎಂದರೆ ನೊಗದಿಂದ ಬಿಟ್ಟೆ ಎಂದು. "ಬೆಳಿಗ್ಗಿಂದ ದುಡುದವೆ. ಮುಟ್ ನೋಡಿ, ಕೈ ಸುಡ್ತದೆ. ಎತ್ತಾದ್ರೂ ಈ ಹೊತ್ನಾಗೆ ನೊಗ ಇಳ್ಸಿ ನೆಳ್ಳಿಗೆ ಕಟ್ತೀವಿ, ಕುರೀನೂ ಮರದಡೀಕೆ ತರುಬ್ತೀವಿ. ಇವು ಬಾಯಿಲ್ದೋವು. ಹೊತ್ತು ವಾಲಿದ್ ಮ್ಯಾಕೆ ತೆಗೀತೀನಿ, ಮತ್ತೆ ದುಡೀತಾವೆ."

"ಎಷ್ಟು ದಿನದಿಂದ ಹೀಗೆ?"

"ಶಿವರಾತ್ರಿ ಮುಂಚಿಂದ. ಬಿಸ್ಲು ಜೋರಾಗ್ಲಿಲ್ವಾ, ಆವಾಗಿಂದ. ಚಳೀಗೆ ಬ್ಯಾಡ, ಚಳೀಗೆ ದುಡುದ್ರೆ ಏನಾಗಕಿಲ್ಲ."

"ನಾನು ಬಂದಾಗಲೆಲ್ಲ ಇರ್ತಿರಲಿಲ್ಲವಲ್ಲ ಇದು?"

"ನೀವು ಬಯಲಾಗೆ ಬರೋದು ಕಾಣ್ತದಲ್ಲ. ನೋಡಾಕೆ ಬಂದೋರ ಮುಂದೆ ಮುಚ್ಚಿ ಮಡಗಾಕಾಯ್ತದಾ? ತೆಗ್ದು ಒರೆಸಿ ಮಡಗ್ತಿದ್ದೆ. ಇವತ್ತು ನೋಡಲ್ಲ ಅಂದ್ರಲ್ಲ, ಅದ್ಕೆ ಹೊದಿಸ್ದೆ."

ಮೂರು ತಾಲ್ಲೂಕು ಅಲೆದು, ಒಂದು ಊರಿನ ಸಿನಿಮಾ ಕೆಡಿಸಿ ಹುಡುಕಿದ ದೋಷ ಅಲ್ಲಿ ಎರಡು ಕಂಬಳಿಯಾಗಿ ಬಿದ್ದಿತ್ತು. ಫಲಕಗಳು ದಿನದ ಗಳಿಕೆಯನ್ನೆಲ್ಲ ಮಾಡುವುದೇ ಆ ನಡುಹಗಲಿನಲ್ಲಿ. ಅದೇ ಹೊತ್ತಿಗೆ ಫ್ರಿಜ್ಜು ಬಿಸಿಗೆ ಎಡೆಬಿಡದೆ ಓಡುತ್ತದೆ. ಕರೆಂಟು ಬರುವುದು ನಿಂತು, ಖರ್ಚಾಗುವುದು ಹೆಚ್ಚಾಗಿ ಬ್ಯಾಟರಿ ಮಧ್ಯಾಹ್ನವೇ ಕೈ ಚೆಲ್ಲುತ್ತಿತ್ತು. ಸಂಜೆ ಮತ್ತಿಷ್ಟು ಸೇರಿ, ರಾತ್ರಿಯ ತಂಪಿಗೆ ಪೆಟ್ಟಿಗೆ ಚೇತರಿಸಿಕೊಂಡು, ಬೆಳಿಗ್ಗೆ ಸಿಸ್ಟರ್ ನೋಡುವಾಗ ಥರ್ಮಾಮೀಟರು ಸಾಧುವಾಗಿರುತ್ತಿತ್ತು. ನಗಬೇಕೆನಿಸಿತು. ಆದರೆ ಆ ನಗು ಬರುವ ಮೊದಲೇ ಬುಜ್ಜಿಯ ನೆನಪಾಯಿತು. ಶಿವರಾತ್ರಿಗಿಂತ ಮುಂಚಿನಿಂದ ಅಂದರೆ ಬುಜ್ಜಿಗೆ ಹಾಕಿದ ಸೂಜಿಯೂ ಆ ಮಧ್ಯಾಹ್ನಗಳನ್ನು ಕಂಡ ಸೀಸೆಯದೇ.

"ಇನ್ಮೇಲೆ ಹೊದಿಸಬೇಡ ಆಯಮ್ಮ. ಇವಕ್ಕೆ ಜೀವ ಇಲ್ಲ, ದಣಿಯಲ್ಲ," ಎಂದಷ್ಟೇ ಹೇಳಿ ಕಂಬಳಿಗಳನ್ನು ನಾನೇ ಮಡಚಿದೆ. ಆಕೆಗೆ ಪೂರ್ತಿ ಒಪ್ಪಿಗೆಯಾದಂತೆ ಕಾಣಲಿಲ್ಲ.

ಸಂಜೆ ಸಿಸ್ಟರ್ ಬಂದ ಮೇಲೆ ಬಾಗಿಲು ಹಾಕಿಕೊಂಡು ಎಲ್ಲ ಹೇಳಿದೆ. ಅವರು ಕುರ್ಚಿಯಲ್ಲಿ ಕುಸಿದರು. ಬ್ಯಾಟರಿ ಎರಡು ಮೂರು ದಿನದಲ್ಲಿ ಸರಿಯಾಗುತ್ತದೆ, ಹೊಸ ಸೀಸೆಗಳನ್ನು ಧೈರ್ಯವಾಗಿ ಇಡಬಹುದು ಎಂದೆ. ಅದು ಅವರ ಕಿವಿಗೆ ಬಿದ್ದಂತೆ ಕಾಣಲಿಲ್ಲ.

"ಹಿಂದೆ ಹಾಕಿದ ಮಕ್ಕಳಿಗೆಲ್ಲ ಮತ್ತೆ ಹಾಕ್ತೀನಿ. ಇನ್ನೊಂದು ಸೂಜಿ ಬಂದಿದೆ ಅಂತ ಹೇಳಿದ್ರೆ ಬರ್ತಾರೆ," ಎಂದರು ಕೊನೆಗೆ. "ಆದ್ರೆ ಕಾರಣ ಮಾತ್ರ ಆಯಮ್ಮಂಗೆ ಹೇಳಬೇಡಿ ಸಾರ್. ಮುದುಕಿ ತಡ್ಕೊಳ್ಳಲ್ಲ. ಊರವರಿಗೆ ಗೊತ್ತಾದ್ರೆ ಅವಳನ್ನ ಬಿಡಲ್ಲ, ನಾಳೆ ನನ್ನ ಸೂಜೀನೂ ಯಾರೂ ನಂಬಲ್ಲ."

ನನಗೂ ಅದೇ ಬೇಕಿತ್ತು. ಹೇಳುವ ಕೆಲಸದಿಂದ ತಪ್ಪಿಸಿಕೊಂಡರೆ ಸಾಕಿತ್ತು. ತಲೆಯಾಡಿಸಿದೆ. ಆದರೆ ಬಸ್ಸಿಗೆ ಹೊರಟು ಬಾಗಿಲು ದಾಟುವಾಗ ಕಾಲು ನಿಂತಿತು. ಊರಿನ ಮಕ್ಕಳು ಊರಲ್ಲೇ ಇದ್ದಾರೆ, ಕರೆದರೆ ಬರುತ್ತಾರೆ. ಬುಜ್ಜಿ ಇರುವುದು ಕುರಿಮಂದೆಯ ಜೊತೆ, ದಡಾರ ಎದ್ದಿರುವ ಸೀಮೆಯಲ್ಲೇ. ಮಂದೆ ಯಾವ ದಾರಿ ಹಿಡಿದಿದೆ, ಯಾವ ಕೆರೆಯಂಗಳದಲ್ಲಿ ಇಳಿಯುತ್ತದೆ ಎಂದು ಬಲ್ಲವಳು ಆಯಮ್ಮ ಒಬ್ಬಳೇ. ಮತ್ತು ಆಕೆಗೆ ದಿಗಿಲಿಲ್ಲ. ಸೂಜಿ ಆಗಿದೆ ಎಂದು ನೆಮ್ಮದಿಯಾಗಿದ್ದಾಳೆ.

ಹಿಂತಿರುಗಿದೆ. ಸಿಸ್ಟರ್ ತಡೆಯಲಿಲ್ಲ. ಅವರಿಗೂ ಹೊಳೆದಿರಬೇಕು.

ಆಯಮ್ಮ ಹಿತ್ತಿಲಲ್ಲಿ ಪಾತ್ರೆ ಬೆಳಗುತ್ತಿದ್ದಳು. ಎದುರು ಕುಕ್ಕರಗಾಲಲ್ಲಿ ಕೂತು ಹೇಳಿದೆ. ಕನ್ನಡಿ ಮುಚ್ಚಿದರೆ ಬ್ಯಾಟರಿ ಇಳಿಯುತ್ತದೆ, ಬ್ಯಾಟರಿ ಇಳಿದರೆ ಪೆಟ್ಟಿಗೆ ಬಿಸಿಯಾಗುತ್ತದೆ, ಪೆಟ್ಟಿಗೆ ಬಿಸಿಯಾದರೆ ಔಷಧಿ ಸಾಯುತ್ತದೆ. ಬುಜ್ಜಿಗೆ ಹಾಕಿದ್ದು ಸತ್ತ ಔಷಧಿ ಇರಬಹುದು. ಇರಬಹುದು ಎಂಬ ಮಾತನ್ನು ಎಷ್ಟು ಒತ್ತಿ ಹೇಳಿದರೂ ಅದು ಆಕೆಯನ್ನು ಮುಟ್ಟಲಿಲ್ಲ.

ಆಕೆ ಪಾತ್ರೆ ಕೆಳಗಿಟ್ಟು ಬೂದಿ ಮೆತ್ತಿದ ಕೈಯನ್ನು ನೋಡಿಕೊಂಡಳು. "ನಾನೇ ಎತ್ಕಂಬಂದು ಹಾಕಿಸ್ದೆನಲ್ಲ," ಎಂದಳು. ಸ್ವಲ್ಪ ಹೊತ್ತಿಗೆ ಮತ್ತೆ, "ನಾನೇ ಹೊದಿಸ್ದೆ," ಎಂದಳು. ಅಳಲಿಲ್ಲ. ಎದ್ದು ಕೈ ತೊಳೆದು ಹಟ್ಟಿಯ ಕಡೆ ನಡೆದುಬಿಟ್ಟಳು.

ಸಿಸ್ಟರ್ ಹೆದರಿದ್ದ ಮಾತನ್ನು ಆಯಮ್ಮ ತಾನೇ ಮನೆ ಮನೆಗೆ ಹೋಗಿ ಹೇಳಿದಳು. "ನಾನು ಕನ್ನಡೀಗೆ ಕಂಬಳಿ ಹೊದಿಸ್ದೆ, ಔಸ್ದಿ ಸತ್ತೋಯ್ತು, ಮಕ್ಳುನ್ನ ಮತ್ತೆ ಕರ್ಕಂಬನ್ನಿ." ಕೆಲವರು ಬೈದರಂತೆ. ಒಬ್ಬಾಕೆ ಬಾಗಿಲು ಮುಚ್ಚಿದಳಂತೆ. ಆದರೂ ಹೊಸ ಸೀಸೆ ಬಂದ ದಿನ ಜನ ಮಕ್ಕಳನ್ನು ಎತ್ತಿಕೊಂಡು ಬಂದರು. ಅಂದು ನಾನೂ ಇದ್ದೆ. ಥರ್ಮಾಮೀಟರು ಐದರಲ್ಲಿತ್ತು. ಗಳಿಗೆಗೊಮ್ಮೆ ಹೋಗಿ ನೋಡುತ್ತಿದ್ದೆ. ಬಾಗಿಲು ತೆಗೆದು ತೆಗೆದು ನೀವೇ ಬಿಸಿ ಮಾಡ್ತೀರಿ ಎಂದು ಸಿಸ್ಟರ್ ಗದರಿದ ಮೇಲೆ ಬಿಟ್ಟೆ.

ಕುರಿಮಂದೆಗೆ ಆಯಮ್ಮ ಬಸ್ಸಿನವರ ಕೈಲಿ, ಸಂತೆಗೆ ಹೋಗುವವರ ಕೈಲಿ ಹೇಳಿ ಕಳಿಸಿದಳು. ಉತ್ತರ ಬರಲಿಲ್ಲ. ಒಂದು ದಿನ ಆಕೆಯೂ ನಾನೂ ಗಡಿಯಾಚೆಯ ಸಂತೆಗೆ ಹೋಗಿ ಕುರಿ ಮಾರುವವರನ್ನೆಲ್ಲ ತೆಲುಗಿನಲ್ಲಿ ವಿಚಾರಿಸಿದೆವು. ಮುಂದೆ ಹೋದರು, ಹೊಳೆಯ ಕಡೆ ಹೋದರು ಎಂದರು. ಹೊಳೆ ಎಷ್ಟು ದೂರ ಎಂದರೆ ಒಬ್ಬೊಬ್ಬರು ಒಂದೊಂದು ಹೇಳಿದರು. ದಾರಿಯ ಒಂದು ಹಳ್ಳಿಯಲ್ಲಿ ಬಾಗಿಲು ಬಾಗಿಲಿಗೂ ಬೇವಿನ ಸೊಪ್ಪು ಕಟ್ಟಿತ್ತು, ದಡಾರ ಬಂದ ಮನೆಯೆಂಬ ಗುರುತು. ಆಯಮ್ಮ ಅದನ್ನು ನೋಡಿದಳು, ಬಸ್ಸಿನ ಸೀಟಿನ ಕಂಬಿಯನ್ನು ಹಿಡಿದ ಕೈ ಬಿಡಲಿಲ್ಲ. ಬ್ಯಾಟರಿ ಸಿಡಿಯುತ್ತದೆಂದು ನಾನು ಪಟ್ಟಿದ್ದ ಭಯವೆಲ್ಲ ಆಟದ ಭಯ ಎಂದು ಅಂದು ಅನ್ನಿಸಿತು.

ಆಮೇಲೆ ನನಗೆ ಸಿರಾ ಕಡೆ, ಬರಗೂರು ಕಡೆ ಕೆಲಸ ಹೆಚ್ಚಾಯಿತು. ಆ ಊರಿನಿಂದ ದೂರು ಬರಲಿಲ್ಲ. ಹೋಗಲು ಕಾರಣವಿರಲಿಲ್ಲ ಎಂದು ಹೇಳಿಕೊಳ್ಳುತ್ತಿದ್ದೆ. ನಿಜ ಹೇಳಬೇಕೆಂದರೆ ಆ ಬಯಲು ದಾಟಲು ಹೆದರುತ್ತಿದ್ದೆ.

ಮಳೆ ಬಿದ್ದು ಶೇಂಗಾ ಬಿತ್ತನೆ ಮುಗಿದ ಮೇಲೆ, ವಾಡಿಕೆಯ ತಪಾಸಣೆಗೆ ಹೋಗಲೇಬೇಕಾಯಿತು. ಬ್ಯಾಟರಿ ತುಂಬಿತ್ತು, ಆರೂ ಸೆಲ್ಲು ಒಂದೇ ಸಮ. ಕೆಲಸ ಮುಗಿಸಿ ಹೊರಬಂದರೆ ಆಯಮ್ಮ ಜಗಲಿಯ ಮೇಲೆ ಕೂತಿದ್ದಳು. ಮಡಿಲಲ್ಲಿ ಬುಜ್ಜಿ. ಮಗು ಬಡಕಲಾಗಿತ್ತು. ನನ್ನ ಕಡೆ ತಿರುಗಿತು. ಒಂದು ಕಣ್ಣಿನ ಮೇಲೆ ಬಿಳಿ ಪೊರೆ ಕಟ್ಟಿತ್ತು.

"ಹೊಳೆದಂಡೆ ಮ್ಯಾಗೆ ಇದ್ದಾಗ ದಡಾರ ಎದ್ದಿತ್ತಂತೆ," ಎಂದಳು ಆಯಮ್ಮ. "ಜೀವ ಉಳುದೈತೆ. ಈ ಕಣ್ಣು ಕಾಣಕಿಲ್ಲ."

ಬಾಗಿಲಲ್ಲಿ ನಿಂತಿದ್ದ ಸಿಸ್ಟರ್, "ಒಳ್ಳೇ ಲಸಿಕೆ ಹಾಕಿದ್ರೂ ಒಂದೊಂದು ಮಗೂಗೆ ಬರುತ್ತೆ ಅಂತ ಎಷ್ಟು ಸಲ ಹೇಳಿದೀನಿ ಸಾರ್, ಕೇಳಲ್ಲ," ಎಂದರು. ನಾನೂ ಅದನ್ನೇ ಹೇಳಿದೆ. ಆಯಮ್ಮ ನಮ್ಮಿಬ್ಬರ ಮಾತನ್ನೂ ಮುಗಿಯುವವರೆಗೆ ಕೇಳಿ, ಮಗುವಿನ ಕೂದಲು ಸರಿಮಾಡಿದಳು.

"ಹಟ್ಟಿಯೋರು ಅಮ್ಮ ಮುನಿಸ್ಕಂಡ್ಲು ಅಂತಾರೆ. ನನ್ ಮಗ್ಳೂ ಅಂಗೇ ಅಂತಾಳೆ. ಹರ್ಕೆ ಹೊತ್ಕಂಡು, ತಂಪು ಮಾಡಿ, ಸಮಾಧಾನ ಮಾಡ್ಕಂಡವ್ರೆ. ನೀವು ಹೇಳ್ದೆ ಹೋಗಿದ್ರೆ ನಾನೂ ಅಂಗೇ ಅನ್ಕಂಡಿರ್ತಿದ್ದೆ ಸಾಮಿ." ಸಿಟ್ಟಿನಿಂದ ಹೇಳಿದ ಮಾತಲ್ಲ ಅದು. ಬೇರೆ ಯಾರನ್ನೂ ಕೇಳಲಾಗದ್ದನ್ನು ನನ್ನನ್ನು ಕೇಳುವಂತಿತ್ತು. "ಅಮ್ಮ ಮುನಿಸ್ಕಂಡ್ರೆ ಕೈ ಮುಗೀಬೌದು. ನಾನು ಈಗ ಯಾರಿಗ್ ಕೈ ಮುಗೀಲಿ?"